ಎರಡು ಮೂರಕ್ಕ, ಮೂರು ಎರಡಕ್ಕ

ಬ್ಯಾಡಗಿ ಪ್ಯಾಟಿ ಹೊರಗಿನ ವೇ ಬ್ರಿಜ್ಜಿನ ಮುಂದ
ಮುಂಜಾನಿಂದ ಹದಿನಾಕು ಲಾರಿ ನಿಂತಾವ.
ತೂಕದ ಡಬ್ಬಿ ಕೆಂಪು ಅಂಕಿ ತೋರಸಾಕತ್ತೈತಿ,
ಕಂಪ್ಯೂಟರಿನ ಪರದೆಯೊಳಗ ಸೊನ್ನಿ. ಬರೇ ಸೊನ್ನಿ.
ಮೆಣಸಿನಕಾಯಿ ಘಾಟಿಗೆ ಸೀನಿಕೋಂತ
ಫಕ್ಕೀರವ್ವ ಬೆಳವಟಗಿ ಪೆನ್ನಿಲೆ ಚೀಟಿ ಬರ್ಯಾಕತ್ತಾಳ.
"ಡಬ್ಬಿ ಹೊಸಾದರೀ, ಮೊನ್ನೆ ಹಾಕಿದ್ದು.
ವೈರೂ ಹೊಸಾದು, ಹುಬ್ಬಳ್ಳಿ ದುರ್ಗದಬೈಲಿನ್ಯಾಗ
ನೂರಾ ಎಂಬತ್ತು ಎಣಿಸಿ ಕೊಟ್ಟು ತಂದದ್ದು."

ಹೊಸಾದು ಖರೆ.
ಆದ್ರ ಹೊರಗಿನಿಂದ ನೋಡಿದ್ರ ನೇರದ್ದೂ ಹಂಗ, ಅಡ್ಡದ್ದೂ ಹಂಗ,
ಅದ ಬೂದಿ ತೊಗಲು, ಅವ ಒಂಬತ್ತು ಮೊಳಿ, ಎರಡು ತಿರುಪು.
ಮೈಮ್ಯಾಲೆ ಕುಲ ಬರಕೊಂಡು ಹುಟ್ಟೂದಿಲ್ಲ ವೈರು.
ಮಲ್ಟಿಮೀಟರಿನ ಸೂಜಿ ಚುಚ್ಚಿ ಕೇಳಬೇಕು:
ಈ ಕಡೆ ಎರಡು, ಆ ಕಡೆ ಎರಡು.
ಕುಂಯ್.
ಮೂರು, ಮೂರು.
ಕುಂಯ್.
ನೇರ.

ನನ್ನ ಉಸ್ತಾದ ದಾವಲಸಾಬ ಸೌದಾಗರ
ಚಾದ ಬಸಿಯೊಳಗ ಬೆಸುಗಿ ತಂತಿ ಸುತ್ತಿಟಗೊಂಡು ಹೇಳತಿದ್ದ:
"ಎರಡು ಕಿವಿ, ಮೂರು ಬಾಯಿ.
ನೇರ ವೈರು ಬಾಯಿಗೆ ಬಾಯಿ ಹಚ್ಚತೈತಿ, ಕಿವಿಗೆ ಕಿವಿ.
ಎದರಿನಾಂವ ತಿರುವಿ ಹುಟ್ಟಿದಾಂವ ಇದ್ರ ಚಿಂತಿಲ್ಲ,
ಅವನ ಮೂರನೇ ಮನಿಯೊಳಗ ಕಿವಿ ಇರತೈತಿ.
ಇಬ್ಬರೂ ಒಂದ ನಮೂನಿ ಇದ್ರ
ನೀ ನಡುವ ನಿಂತು ದಾಟಸಬೇಕು.
ಇಲ್ಲಂದ್ರ ಇಬ್ಬರೂ ಒದರತಾರ,
ಒಬ್ಬಾಂವಗೂ ಕೇಳೂದಿಲ್ಲ."

ಅದಕ್ಕ ಕೊಯ್ದೆ. ಸುಲದೆ.
ಎರಡು ಮೂರಕ್ಕ, ಮೂರು ಎರಡಕ್ಕ,
ಜಡಿಯೊಳಗಿನ ಕಾಲು ದಾಟಿಸಿಧಂಗ ದಾಟಿಸಿ ಬೆಸದೆ.
ರಾಳದ ಹೊಗಿ, ಮೆಣಸಿನಕಾಯಿ ಘಾಟು, ಕಣ್ಣಾಗ ನೀರು.
ಐದು ಮಾತ್ರ ಐದಕ್ಕ.
ಅದು ನೆಲ. ನೆಲಾ ದಾಟಸಾಕ ಬರೂದಿಲ್ಲ.
ಇಬ್ಬರೂ ಒಂದ ನೆಲದ ಮ್ಯಾಲೆ ನಿಂತಾಗಷ್ಟ
ಏರು ಯಾವುದು, ತಗ್ಗು ಯಾವುದು ತಿಳಿಯೂದು.

ಹಚ್ಚಿದೆ.
ಒಂಬತ್ತು ಸಾವಿರದ ಆರನೂರಾ ನಲವತ್ತು.
ಡಬ್ಬಿಯೊಳಗೂ ಅಷ್ಟ, ಪರದೆಯೊಳಗೂ ಅಷ್ಟ.
ಹೊರಗ ಡ್ರೈವರ ಹಾರ್ನ್ ಹೊಡದ, ಫಕ್ಕೀರವ್ವ ಪೆನ್ನು ಒಗದ್ಳು,
ನನಗ ಸಕ್ಕರಿ ಜಾಸ್ತಿ ಹಾಕಿದ ಚಾ ಬಂತು.

ಸಾಮಾನು ಚೀಲಕ್ಕ ತುಂಬೂ ಮುಂದ
ಮೇಜಿನ ಕೆಳಗ ಕೈಗೆ ಹತ್ತಿತು
ಧೂಳು ಕುಡದು ದಪ್ಪಾದ ಒಂದು ಗೇಣಿನ ತುಂಡು ವೈರು,
ಹಳೇ ಡಬ್ಬಿ ಕಾಲದ್ದು, ಯಾರೋ ಟೇಪು ಸುತ್ತಿ ಬಿಟ್ಟದ್ದು.
ಸೂಜಿ ಚುಚ್ಚಿದೆ.
ಎರಡು, ಎರಡು. ಸುಮ್ಮ.
ಎರಡು, ಮೂರು.
ಕುಂಯ್.

ಅಡ್ಡ ಇದ್ದದ್ದು ಮೊದಲ ಇತ್ತು.
ಹೊಸ ಡಬ್ಬಿ ತಿರುವಿ ಹುಟ್ಟಿದ್ದು, ಅದಕ್ಕ ಬೇಕಾದದ್ದು ನೇರ.
ನಾ ಇನ್ನೊಂದು ಅಡ್ಡ ಮಾಡಿ
ದಾಟಿದ್ದನ್ನ ಮತ್ತ ದಾಟಿಸಿ
ಬಿಟ್ಟಲ್ಲಿಗೇ ತಂದು ಬಿಟ್ಟಿದ್ದೆ.
ಈ ತುಂಡು ಕಿತ್ತು ಒಗದಿದ್ರ ಸಾಕಾಗಿತ್ತು.

"ಅಂದ್ರ ಎರಡು ಸಲ ತಪ್ಪಿದ್ರ
ಸರಿ ಆಗತೈತೇನ್ರೀ?" ಫಕ್ಕೀರವ್ವ ಕೇಳಿದ್ಳು.
"ವೈರಿಗೆ ಆಗತೈತಿ" ಅಂದೆ.
ಎರಡನೂರರಾಗ ನೂರು ತಿರುಗಿ ಕೊಟ್ಟೆ,
ಯಾಕಂತ ಆಕಿ ಕೇಳಲಿಲ್ಲ, ಎಣಿಸಿ ಇಟಗೊಂಡ್ಳು.

ಬಿಳೀ ಪಟ್ಟಿ ಹಚ್ಚಿ ಮಾರ್ಕರಿಲೆ ಬರದೆ:
ಉದ್ದಂದರ ಮ್ಯಾಲೆ "ಅಡ್ಡ".
ತುಂಡಿನ ಮ್ಯಾಲೆ "ಇದೂ ಅಡ್ಡ. ಒಂದನ್ನ ಮಾತ್ರ ಕಿತ್ತಬ್ಯಾಡ್ರಿ."
ಹದಿನೈದನೇ ಲಾರಿ ತಕ್ಕಡಿ ಏರಿತು.
ಕಿಟಕಿ ಗಾಜು ಗಡಗಡ ಅಂತು.