ಮೂಗಿನ ನೇರಕ್ಕೆ

ಮಾಟುಂಗದಲ್ಲಿ ಕಾಫಿಬೀಜ ಹುರಿಯುವವನು ನಾನು.
ಬದಿಯಿಂದ ಬಂದ ಕೈಗಾಡಿ ಕಾಣಲಿಲ್ಲ, ಬಿದ್ದೆ.
ಪರೇಲಿನಲ್ಲಿ ತಲೆಯ ಚಿತ್ರ ತೆಗೆದರು:
ಕಣ್ಣಿನ ನರಗಳು ಕೂಡುವಲ್ಲಿ, ಅದರಡಿ,
ಕಡಲೆಯಷ್ಟಿರಬೇಕಾದ ಗ್ರಂಥಿಯಲ್ಲಿ
ನೆಲ್ಲಿಕಾಯಿಯಷ್ಟು ಗಡ್ಡೆ.

"ದಾರಿ ಮೂಗಿನದೇ," ಅಂದರು ಸಬನೀಸ್.
"ನಾನು ಮೈಕ್ರೋಸ್ಕೋಪಿನವನು. ಒಂದು ಹೊಳ್ಳೆ,
ಅಗಲಿಸಿ ಹಿಡಿಯಲು ಉಕ್ಕಿನ ಚಿಮಟ.
ಬಾವಿಗೆ ಇಣುಕಿದ ಹಾಗೆ, ಎರಡೂ ಕಣ್ಣಿಗೆ ಆಳ ತಿಳಿಯುತ್ತದೆ.
ಗೋಡೆಯಾಚೆ ಕಾಣದು, ಅಷ್ಟೇ."

ಝರೀನ್ ಭರೂಚಾ ತೋರಿಸಿದ್ದು
ಪೆನ್ನಿನಷ್ಟೂ ದಪ್ಪವಿಲ್ಲದ ಕೊಳವೆ.
ತುದಿಯಲ್ಲೇ ಕಣ್ಣು, ದೀಪ. ಎರಡೂ ಹೊಳ್ಳೆ ಬೇಕು.
ಮೂಲೆ ಹೊರಳಿ ನೋಡುತ್ತದೆ.
ಪರದೆಯ ಮೇಲೆ ಮಾತ್ರ ಎಲ್ಲ ಚಪ್ಪಟೆ;
ಆಳವನ್ನು ಕೈ ಊಹಿಸಬೇಕು.

"ಯಾವುದು ಮೇಲು?"
ತಂತಮ್ಮ ಮೂಗಿನ ನೇರಕ್ಕೆ ಹೇಳಲಿಲ್ಲ, ಅದೊಂದು ಪುಣ್ಯ.
"ಕೈ ಪಳಗಿದ್ದರೆ ಎರಡೂ ಸರಿ," ಅಂದ ಸಬನೀಸ್
ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡು,
"ನಿಮ್ಮದು ಬದಿಗೆ ಹಬ್ಬಿದೆ. ಅವಳು ಮಾಡಲಿ."

ನಾನು ಕೇಳಿದ್ದು ಒಂದೇ: ವಾಸನೆ?
ಹದ ಮೀರುವ ಬೀಜ
ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಬೇಕು.
"ಮೇಲಿನ ಪೊರೆ ಉಳಿಸಲು ನೋಡುತ್ತೇನೆ."
ಭಾಷೆ ಕೊಡಲಿಲ್ಲ.

ಈಗ ತೊಡೆಯ ಕೊಬ್ಬು ತಲೆಯ ತಳಕ್ಕೆ ಬಿರಡೆ.
ಸೀನಬಾರದು, ಬಗ್ಗಬಾರದು.
ಗಂಟಲಿಗೆ ಉಪ್ಪುನೀರು ಇಳಿದರೆ ಕೂಡಲೇ ಹೇಳಬೇಕು.
ಮಂಚದ ಎಡಕ್ಕೊಂದು ಕಿಟಕಿ ಇದೆಯೆಂದು
ಎರಡನೇ ದಿನ ತಿಳಿಯಿತು.

ಮನೆಯಲ್ಲಿ ಹೆಂಡತಿ ದಿನಾ ಡಬ್ಬಿ ತೆರೆದು ಹಿಡಿಯುತ್ತಾಳೆ:
ಪೀಬೆರಿ, ಚಿಕೋರಿ. ಬರೀ ಗಾಳಿ.
ಹತ್ತೊಂಬತ್ತನೇ ಬೆಳಿಗ್ಗೆ, ಮೆಟ್ಟಿಲು ತೊಳೆಯುವ ಹೊತ್ತು,
"ಫಿನೈಲ್!" ಅಂದೆ.
"ಇವತ್ತು ಜಾಸ್ತಿ ಸುರಿದಿದ್ದಾನೆ," ಅಂದಳು ಅವಳು,
ಡಬ್ಬಿಯ ಮುಚ್ಚಳ ಹುಡುಕುತ್ತ.