ತಪ್ಪಾದ ಎಂಟು ಲೆಕ್ಕ

ಬೂಟಿನ ಹಿಮ ನಿಮ್ಮ ಕಾರ್ಪೆಟ್ಟಿನ ಮೇಲೆ ಕರಗುತ್ತಿದೆ,
ಕ್ಷಮಿಸಿ ಮೇಡಂ ಡೆಲೋರ್ಮ್.
ರಾತ್ರಿ ಪಾಳಿ ಮುಗಿಸಿ ನೇರ ಬಂದೆ.
ಥಂಡರ್ ಬೇಯ ಈ ಬದಿಯ ರಸ್ತೆಗಳಿಗೆಲ್ಲ
ಹಿಮ ಗೋರುವ ಲಾರಿ ನನ್ನದೇ,
ನಿಮ್ಮ ಶಾಲೆಯ ಬಸ್ಸು ಬರುವ ದಾರಿಗೂ.

ಹೆಲ್ಮಿಯ ಕಾಗದ ಮುಂದೆ ತಳ್ಳುತ್ತೀರಿ.
ಇಪ್ಪತ್ತಕ್ಕೆ ಹನ್ನೆರಡು.
"ಇವಳನ್ನು ಎರಡು ತರಗತಿ ಮೇಲೆ ಕೂರಿಸಬೇಕೇ?"
ದನಿ ಮೆತ್ತಗಿದೆ. ಒಳ್ಳೆಯವರು ನೀವು.
ಇನ್ನೂ ಏಳು ವರ್ಷ, ಪುಟ್ಟ ಮೈ, ಗೆಳತಿಯರು, ಆಟ,
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬಂಥ ಮಾತು.
ಕಾಲು ಬೆಳೆದಿದೆ ಮೇಡಂ.
ಹಾಸಿಗೆಯನ್ನು ನೀವೇ ಮಡಚಿಟ್ಟಿದ್ದೀರಿ.

ನಾನು ಹತ್ತಕ್ಕೇ ಶಾಲೆ ಬಿಟ್ಟವಳು.
ಈ ಕುರ್ಚಿಯಲ್ಲಿ ಕೂತರೆ ಈಗಲೂ ಅಂಗೈ ಬೆವರುತ್ತದೆ.
ಹಾಗಾಗಿ ಮಾತು ಬೇಡ. ಎಣಿಸಿ.
ಯಾವ ಯಾವ ಲೆಕ್ಕ ತಪ್ಪಿದೆ?

ಎರಡು. ಮೂರು. ಐದು. ಏಳು.
ಹನ್ನೊಂದು. ಹದಿಮೂರು.
ಹದಿನೇಳು, ಹತ್ತೊಂಬತ್ತು.

ಮೊನ್ನೆ ಬೆಳಗಿನ ಜಾವ ನಾಲ್ಕಕ್ಕೆ
ಸರೋವರದ ಗಾಳಿಗೆ ದಾರಿಯೇ ಅಳಿಸಿಹೋದಾಗ
ಲಾರಿ ನಿಲ್ಲಿಸಿ, ಫ್ಲಾಸ್ಕಿನ ಕಾಫಿ ಹೀರುತ್ತ
ಇದೇ ಕಾಗದ ಬಿಡಿಸಿದ್ದೆ, ಬೈಯಲೆಂದು.
ಮೊದಲು ಏನೂ ಹೊಳೆಯಲಿಲ್ಲ.
ಆಮೇಲೆ ರೇಡಿಯೋ ಆರಿಸಿದೆ.
ತನ್ನ ಹೊರತು ಯಾರಿಗೂ ಸಮಪಾಲು ಕೊಡದ ಸಂಖ್ಯೆಗಳು.
ಅವಿಭಾಜ್ಯ! ಹತ್ತೊಂಬತ್ತು ವರ್ಷದ ಮೇಲೆ
ಆ ಪದ ನಾಲಗೆಗೆ ಬಂತು, ಖಾಲಿ ಲಾರಿಯಲ್ಲಿ ಗಟ್ಟಿಯಾಗಿ ಹೇಳಿದೆ.
ಮತ್ತೆ, ಒಂದೊಂದು ತಪ್ಪೂ ಸರಿ ಉತ್ತರಕ್ಕಿಂತ
ಬರೀ ಒಂದು ಹೆಚ್ಚು.

ಯಾಕೆ ಹೀಗೆ ಮಾಡಿದೆ ಅಂದೆ, ಗಂಜಿ ಬಡಿಸುತ್ತ.
"ಯಾರಾದರೂ ನೋಡ್ತಾರಾ ಅಂತ."
ಸೆಪ್ಟೆಂಬರಿನಿಂದ ಮಾಡುತ್ತಿದ್ದಾಳಂತೆ, ಪ್ರತಿ ಶುಕ್ರವಾರ.
ಪ್ರತಿ ಕಾಗದದ ಮೇಲೂ ಕೆಂಪು ಶಾಯಿ:
ಇನ್ನಷ್ಟು ಗಮನ ಕೊಡು.

ನಿಮ್ಮ ಕನ್ನಡಕ ಈಗ ಮೇಜಿನ ಮೇಲಿದೆ.
ಬೆರಳು ಎರಡನೇ ಸಲ ಕಾಗದದುದ್ದ ಇಳಿಯುತ್ತಿದೆ.
ಹೊರಗೆ ಗಂಟೆ, ಕಾರಿಡಾರಿನ ತುಂಬ ಬೂಟುಗಳು.

ನನಗೂ ಅಂಜಿಕೆಯಿದೆ, ಹೇಳಿಬಿಡುತ್ತೇನೆ.
ಊಟದ ಹೊತ್ತಿಗೆ ಯಾರ ಪಕ್ಕ ಕೂರುತ್ತಾಳೆ?
ಹಿಮ ಗೋರುವವಳಿಗೆ ಇದು ಗೊತ್ತು:
ದಾರಿ ತೆರೆದಷ್ಟೂ ಎರಡು ಬದಿಗೆ ಗೋಡೆ ಏಳುತ್ತದೆ,
ಯಾರದೋ ಮನೆಯ ಬಾಗಿಲು ಮುಚ್ಚಿಹೋಗುತ್ತದೆ,
ಬೆಳಗ್ಗೆ ಎದ್ದು ಅವರು ನನ್ನನ್ನೇ ಬೈಯುತ್ತಾರೆ.

"ಮೂರು ವಾರ," ಅನ್ನುತ್ತೀರಿ. "ಗಣಿತಕ್ಕೆ ಮಾತ್ರ. ನೋಡೋಣ."

ಸೋಮವಾರ ಬಾಗಿಲ ಗಾಜಿನಲ್ಲಿ ಇಣುಕಿದೆ.
ನಾಲ್ಕನೇ ತರಗತಿ, ಹಿಂದಿನ ಸಾಲು.
ಕುರ್ಚಿ ಎತ್ತರ, ಅವಳ ಕಾಲು ನೆಲ ಮುಟ್ಟುತ್ತಿಲ್ಲ.
ಒಂದು ಕಾಲುಚೀಲ ಜಾರಿದೆ.
ನಾಲಗೆ ಕಚ್ಚಿಕೊಂಡು ಏನನ್ನೋ ಅಳಿಸುತ್ತಿದ್ದಾಳೆ,
ಕಾಗದ ಹರಿಯುವಷ್ಟು.

ಈ ಸಲದ್ದು ಬೇಕೆಂದೇ ಮಾಡಿದ ತಪ್ಪಲ್ಲ.
ಅವಳ ಕತ್ತು ನೋಡಿದರೆ ನನಗೆ ತಿಳಿಯುತ್ತದೆ.