ತಲೆ ಎಣಿಕೆ

ಮೂವತ್ತೊಂದು ವರ್ಷ ಹಾಸನ ಡಿಪೋದಲ್ಲಿ ಸೀಟಿ ಊದಿದವನು ನಾನು.
ಈಗಲೂ ತಿಂಗಳಿಗೊಮ್ಮೆ, ಎರಡನೇ ಗುರುವಾರ,
ಮಹಾರಾಜ ಪಾರ್ಕಿನ ಗೇಟಿನ ಮುಂದೆ
ತಲೆ ಎಣಿಸುತ್ತೇನೆ. ಇಪ್ಪತ್ತೊಂದು, ನನ್ನನ್ನು ಬಿಟ್ಟು.
ಎಣಿಸುವಾಗ ಮುಖ ನೋಡಬಾರದು, ಅದು ಹಳೇ ಪಾಠ,
ಮುಖ ನೋಡಿದರೆ ಲೆಕ್ಕ ತಪ್ಪುತ್ತದೆ.

ಈ ತಲೆಗಳು ಸುಲಭ: ಬಿಳಿ, ಬೋಳು, ಮಂಕಿ ಟೋಪಿ,
ಜೈನಬಿ ಸಿಸ್ಟರ್ ಅವರ ಹಸಿರು ದುಪಟ್ಟಿ,
ಗೋರಂಟಿ ಹಚ್ಚಿ ಕೆಂಪಾದದ್ದೊಂದು, ಯಾರದೆಂದು ಹೇಳಲಾರೆ,
ಬೋರಲಿಂಗೇಗೌಡರು ಬೇಜಾರು ಮಾಡಿಕೊಳ್ಳುತ್ತಾರೆ.

ತಲೆಗೆ ನಾನೂರೈವತ್ತು, ತಿಂಡಿ ಸೇರಿ.
ಮೊಮ್ಮಕ್ಕಳಿಗೆ ಸಾಲು ಬಿಟ್ಟು ಹೋಗಬೇಡಿ ಎನ್ನುವವರೇ
ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು.
ಪಾಳ್ಯದಲ್ಲಿ ಮೊದಲ ಹೋಲ್ಡಾನ್, ಸಕ್ಕರೆ ಕಾಯಿಲೆಯವರಿಗೆ.
ಬಾಳ್ಳುಪೇಟೆಯಲ್ಲಿ ಎರಡನೆಯದು, ಇಲ್ಲದವರಿಗೂ.

ಮಂಜರಾಬಾದ್ ಕೋಟೆಯ ಮೆಟ್ಟಿಲು
ಧರಣೇಂದ್ರಯ್ಯನವರ ಲೆಕ್ಕಕ್ಕೆ ಇನ್ನೂರ ನಲವತ್ತು,
ಪುಟ್ಟಸ್ವಾಮಾಚಾರ್ರಿಗೆ ಇನ್ನೂರ ಅರವತ್ತು,
ಲಿಲ್ಲಿ ಟೀಚರಿಗೆ, ಕೂತು ಎದ್ದದ್ದೂ ಸೇರಿ, ಮುನ್ನೂರು.
ಕೋಟೆ ನಕ್ಷತ್ರದ ಆಕಾರ. ಒಳಗೆ ನಿಂತರೆ ತಿಳಿಯುವುದಿಲ್ಲ.
ಆಚಾರ್ರು ಊರುಗೋಲಿನಿಂದ ಮಣ್ಣಿನಲ್ಲಿ ಎಂಟು ಮೂಲೆ ಗೀಚಿ
ಇಗೋ, ನಾವು ಇಲ್ಲಿದ್ದೀವಿ ಎಂದು ಒಂದು ಚುಕ್ಕೆ ಇಟ್ಟರು.
ಇರುವೆಯೊಂದು ಗೋಡೆ ಹತ್ತಿಳಿದು ಹೋಯಿತು.

ನಾಲ್ಕೂವರೆಗೆ ಕೆಳಗೆ ಬಸ್ಸಿನಲ್ಲಿ ಎಣಿಸಿದೆ. ಇಪ್ಪತ್ತು.
ಮತ್ತೆ ಹಿಂದಿನಿಂದ. ಇಪ್ಪತ್ತು.
ಯಾರಿಲ್ಲ ಎಂದು ಕೇಳಿದರೆ
ಇಪ್ಪತ್ತು ಜನವೂ ಎಲ್ಲ ಇದ್ದೀವಿ ಎಂದರು.
ಮುಖ ನೋಡಲೇಬೇಕಾಯಿತು.
ಒಂದೊಂದೇ. ಜೈನಬಿ ಸಿಸ್ಟರ್ ಎಡಗಣ್ಣಿನ ಕೆಳಗೆ ಮಚ್ಚೆ ಇದೆ.
ಗೌಡರ ತುಟಿ ಸುಮ್ಮನಿದ್ದಾಗಲೂ ನಡುಗುತ್ತದೆ.
ಎರಡು ವರ್ಷದಿಂದ ಕರೆದುಕೊಂಡು ಓಡಾಡುತ್ತಿದ್ದೇನೆ ಇವರನ್ನು.

ಮೂರನೇ ಸೀಟಿನಲ್ಲಿ ಬರೀ ಟವೆಲ್.
ಚಿಕ್ಕತಾಯಮ್ಮ. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ಆಯಾ.
ಮಾತಿಲ್ಲ ಕತೆಯಿಲ್ಲ, ಚಿಲ್ಲರೆ ಮಾತ್ರ ಸರಿಯಾಗಿ ಕೊಡುವಾಕೆ.

ಮಂಡಿ ಬೈಯುತ್ತ ಮತ್ತೆ ಹತ್ತಿದೆ. ಎಣಿಸಲಿಲ್ಲ.
ಕಮಾನಿನ ಪಕ್ಕದ ಕತ್ತಲೆ ಕೋಣೆಯಲ್ಲಿ, ತಣ್ಣನೆ ಕಲ್ಲಿನ ಮೇಲೆ,
ಬ್ಯಾಗು ತಲೆಗಿಟ್ಟು, ಚಪ್ಪಲಿ ಜೋಡಿಸಿಟ್ಟು ಮಲಗಿದ್ದರು.
ಸೀಟಿ ಬಾಯಿಯವರೆಗೂ ಬಂತು.
ಕಣ್ಣು ಬಿಡದೆಯೇ ಕೇಳಿದರು: ಹೊರಡ್ತಾ ಕಂಡಕ್ಟ್ರೇ ಗಾಡಿ?
ಇನ್ನೂ ಇಲ್ಲ ಎಂದೆ.
ಹಗಲೊತ್ತು ಮನಗಿದ್ದೇ ಇಲ್ಲ ಕಣಪ್ಪ.
ಹೆಂಗಿರ್ತದೆ ಅಂತ ನೋಡ್ತಿದ್ದೆ.

ಹೊಸ್ತಿಲ ಮೇಲೆ ಕೂತೆ.
ಕೆಳಗೆ ಹಾರನ್. ಸ್ವಲ್ಪ ಬಿಟ್ಟು, ಉದ್ದಕ್ಕೆ, ಇನ್ನೊಂದು.
ಬೈರಾಪುರದಲ್ಲಿ ಒಮ್ಮೆ ಕೋಳಿ ಬುಟ್ಟಿ ಹೊತ್ತು ಓಡಿಬಂದವನನ್ನು
ಕಂಡೂ ಡಬಲ್ ಬೆಲ್ ಕೊಟ್ಟಿದ್ದೆ.
ಲೇಟಾದರೆ ಕಾರಣ ಬರೆಯಬೇಕಿತ್ತು, ಅದಕ್ಕೆ.
ಬುಟ್ಟಿ ಚೆನ್ನಾಗಿ ನೆನಪಿದೆ. ಅವನ ಮುಖ ನೋಡಿರಲಿಲ್ಲ.

ಹಿಂದಿನ ಗಾಜಿನಲ್ಲಿ ಸೂರ್ಯ ನಮ್ಮನ್ನೇ ಅಟ್ಟಿಸಿಕೊಂಡು ಬಂದ.
ಡಿಸೆಂಬರ್ ಹಗಲು, ಕೋಳಿ ನಿದ್ದೆಯಷ್ಟು.
ಕತ್ತಲಾದರೆ ಉಣ್ಣದ ಧರಣೇಂದ್ರಯ್ಯ
ಓಡುವ ಬಸ್ಸಿನಲ್ಲೇ ಚಪಾತಿ ಬಿಚ್ಚಿದರು,
ಜೈನಬಿ ಸಿಸ್ಟರ್ ನೀರಿನ ಲೋಟ ತುಳುಕದಂತೆ ಹಿಡಿದರು,
ಅವರ ಪ್ರತಿ ತುತ್ತಿಗೂ ಗೌಡರು ತಿರುಗಿ ನೋಡಿ
ಇದ್ದಾನೆ, ಇನ್ನೂ ಇದ್ದಾನೆ, ತಿನ್ನಿ ಎಂದರು.
ಚಿಕ್ಕತಾಯಮ್ಮ ಟವೆಲ್ ಮಡಿಚಿ ತೊಡೆಯ ಮೇಲಿಟ್ಟುಕೊಂಡು
ಕಿಟಕಿಯಾಚೆ ನೋಡುತ್ತಿದ್ದರು, ಕೆನ್ನೆಯ ಮೇಲೆ ಬ್ಯಾಗಿನ ಜಿಪ್ಪಿನ ಗೆರೆ.

ಹಳೇ ಅಭ್ಯಾಸ, ಪುಸ್ತಕ ತೆಗೆದೆ.
ಎಣಿಕೆ: ಇಪ್ಪತ್ತೊಂದು.
ತಡ: ನಲವತ್ತು ನಿಮಿಷ.
ಕಾರಣ:
ಹಂಪ್ ಬಂತು, ಪೆನ್ನು ಜಾರಿತು.
ಟೈರು, ಎಂದು ಬರೆದೆ.
ಡ್ರೈವರ್ ಓದದೆ ಸಹಿ ಹಾಕಿದ.